ಒಂಬತ್ತನೇ ನಂಬರಿನ ಹೆಸರು

ಮೇ ೨, ಮಂಗಳವಾರ

ಬೆಳಿಗ್ಗೆ ಎರಡು ದೋಣಿ. ಕಾಡ್ ಮೀನು ೧,೮೪೦ ಕಿಲೋ, ಹ್ಯಾಡಕ್ ೩೧೦. ಬಂದರಿನ ತೂಕದ ಯಂತ್ರ ಮತ್ತೆ ನಾಲ್ಕು ಕಿಲೋ ಹೆಚ್ಚು ತೋರಿಸುತ್ತಿದೆ. ರಿಪೇರಿಯವನಿಗೆ ಮೂರನೇ ಸಲ ಫೋನ್ ಮಾಡಿದೆ.

ಮಧ್ಯಾಹ್ನ ಹಾಲ್ಬೆರಾಳ ಪೆಟ್ಟಿಗೆ ಬಂತು. ಪ್ರತಿ ವಸಂತದಲ್ಲಿ ಬರುತ್ತದೆ. ಹೋದ ವರ್ಷ ಬೂಟು, ಅದರ ಹಿಂದಿನ ವರ್ಷ ಗೋಲಿನ ಬಲೆ. ಇಟಲಿಯ ಕ್ಲಬ್ಬೊಂದಕ್ಕೆ ಫುಟ್‌ಬಾಲ್ ಆಡುವವಳು, ಪೇಪರಿನಲ್ಲಿ ಫೋಟೋ ಬರುವವಳು, ತಾನು ಹುಟ್ಟಿದ ಈ ಊರಿನ ಏಳು ಹುಡುಗಿಯರ ಪಾದದ ಅಳತೆಯನ್ನು ತಾನೇ ಕೇಳಿ ಬರೆದುಕೊಳ್ಳುತ್ತಾಳೆ. ಈ ಸಲ ಅಂಗಿಗಳು. ನೀಲಿ. ಬೆನ್ನ ಮೇಲೆ ಒಬ್ಬೊಬ್ಬರ ಹೆಸರು. ತಾನು ಚಿಕ್ಕವಳಿದ್ದಾಗ ಹುಡುಗರ ಹಳೇ ಅಂಗಿ ಹಾಕಿಕೊಂಡೇ ಆಡಿದ್ದಳಂತೆ.

ಪೆಟ್ಟಿಗೆ ಬಿಚ್ಚಿದ್ದು ನನ್ನ ತೂಕದ ಮೇಜಿನ ಮೇಲೆಯೇ. ಶಾಲೆಯಲ್ಲಿ ಈಜು ಕಲಿಸುವ, ಹುಡುಗಿಯರಿಗೆ ಕೋಚ್ ಆಗಿರುವ ಓರ್ಮುರ್ ಒಂದೊಂದೇ ಎತ್ತಿ ಹಿಡಿದ. ಆರು ಹೆಸರು ಸರಿ. ಏಳನೆಯದು, ಒಂಬತ್ತನೇ ನಂಬರಿನದು, ನನ್ನ ಮಗಳು ಬಿರ್ತಾಳದಾಗಬೇಕಿತ್ತು. ಅದರ ಮೇಲೆ ಮೆಕ್ಕಿನ್ ಎಂದಿತ್ತು.

"ಇದ್ಯಾರಪ್ಪ ಮೆಕ್ಕಿನ್?"

"ನಿನ್ನ ಅಕ್ಷರ ಇಟಲಿಯವರಿಗೆ ಓದೋಕೆ ಬಂದಿಲ್ಲ," ಅಂದೆ.

"ಹೆಸರೆಲ್ಲ ಟೈಪ್ ಮಾಡಿ ಕಳ್ಸಿದೀನಿ ಉನ್ನುರ್. ಬಿರ್ತಾ ಅನ್ನೋದನ್ನ ಮೆಕ್ಕಿನ್ ಅಂತ ಟೈಪ್ ಮಾಡೋಕೆ ನಾನೇನು ಕುಡಿದಿದ್ನಾ?"

"ನಂಗೇನು ಗೊತ್ತು, ಶನಿವಾರ ಆಗಿದ್ರೆ ಕುಡಿದಿದ್ರೂ ಕುಡಿದಿರ್ತೀಯ."

ಬಿರ್ತಾ ಅಷ್ಟರಲ್ಲಿ ಹಾಕಿಕೊಂಡಿದ್ದಳು. ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ.

"ಇದೇ ಇರ್ಲಿ ಅಮ್ಮ."

ಓರ್ಮುರ್‌ನ ಎದುರಿಗೆ ಹೇಳಿದಳು. ಈ ಊರಿಗೆ ಬಂದು ಎರಡು ವರ್ಷ. ಮನೆಯ ಹೊರಗೆ ಅವಳು ಬಾಯಿ ಬಿಟ್ಟು ಪೂರ್ತಿ ಒಂದು ವಾಕ್ಯ ಆಡಿದ್ದು ಇದೇ ಮೊದಲು. ಓರ್ಮುರ್ ಕೇಳಿಸದವನಂತೆ ಬಗ್ಗಿ ಬೂಟಿನ ಲಾಡಿ ಕಟ್ಟಿಕೊಂಡ. ಲಾಡಿ ಬಿಚ್ಚಿರಲಿಲ್ಲ. ಒಳ್ಳೆಯವನು.

ಮೇ ೫, ಶುಕ್ರವಾರ

ಅಭ್ಯಾಸ ನೋಡಲು ಹೋಗಿದ್ದೆ. ಚಳಿ. ಮೈದಾನದ ಒಂದು ಗೋಲಿನ ಹಿಂದೆ ಸಮುದ್ರವೇ. ಓರ್ಮುರ್ ತಮಾಷೆಗೆ "ಮೆಕ್ಕಿನ್, ಓಡು!" ಅಂದ. ಹುಡುಗಿಯರೆಲ್ಲ ನಕ್ಕರು. ಬಿರ್ತಾ ಕೂಡ. ಆಮೇಲೆ ಎಲ್ಲರೂ ಹಾಗೆಯೇ ಕರೆಯತೊಡಗಿದರು. ಬೆನ್ನ ಮೇಲೆ ಇರುವುದನ್ನೇ ತಾನೆ ಓದುವುದು.

"ಇಲ್ಲಿ! ಇಲ್ಲಿ ಕೊಡೇ, ಮಂಕು!"

ಯಾರ ಧ್ವನಿ ಎಂದು ನೋಡಿದೆ. ನನ್ನ ಮಗಳದು. ಸ್ವಲ್ಪ ಗೊಗ್ಗರು. ಕೂಗುವಾಗ ಅವಳ ಧ್ವನಿ ಹೀಗಿರುತ್ತದೆಂದು ಗೊತ್ತಿರಲಿಲ್ಲ. ಕೂಗಿದ್ದನ್ನು ಕೇಳಿದ್ದರೆ ತಾನೆ.

ಮೇ ೧೧

ಎಡಗಾಲಿನಲ್ಲಿ ಒದೆಯುತ್ತಿದ್ದಾಳೆ. ಬಲಗಾಲಿನವಳು.

ಇನ್ನೊಂದು. ಎಲ್ಲರೂ ಬಾಲ್ ಎನ್ನುತ್ತಾರೆ, ಅವಳೂ ಹಾಗೆಯೇ ಎನ್ನುತ್ತಿದ್ದಳು. ಇವತ್ತು ಊಟದ ಹೊತ್ತಿಗೆ, ಒಣಮೀನಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಾ, "ಚೆಂಡು ಒದ್ದೆಯಾದ್ರೆ ಭಾರ ಆಗತ್ತಮ್ಮ, ಒಳಗಡೆ ನೀರು ಕುಡಿಯತ್ತೆ" ಅಂದಳು. ಚೆಂಡು ಎನ್ನುವುದು ನನ್ನ ಅಜ್ಜನ ಕಾಲದವರು. ನೀರು ಕುಡಿಯುತ್ತಿದ್ದದ್ದೂ ಆ ಕಾಲದ ತೊಗಲಿನವು. ಈಗಿನವು ಕುಡಿಯುವುದಿಲ್ಲ.

"ಯಾರು ಹೇಳಿಕೊಟ್ಟಿದ್ದು?"

"ಯಾರು ಹೇಳ್ಬೇಕು? ಗೊತ್ತಿರೋದೇ ಅಲ್ವಾ."

ಮೇ ೧೪, ಭಾನುವಾರ, ಮಧ್ಯಾಹ್ನ ೨.೧೫

ಹಾಲ್ಬೆರಾಳಿಗೆ ಥ್ಯಾಂಕ್ಸ್ ಹೇಳಲು ವಿಡಿಯೋ ಕಾಲ್ ಮಾಡಿದೆ. ಮಾತಾಡಿದ್ದನ್ನು ಇದ್ದ ಹಾಗೆ ಬರೆದಿಡುತ್ತೇನೆ.

"ಒಂದು ಹೆಸರು ಅದಲು ಬದಲಾಗಿದೆ, ಪರವಾಗಿಲ್ಲ. ಏಳೂ ಬಂತು."

"ಏಳಾ? ಎಂಟು ಕಳ್ಸಿದ್ದೆ. ಏಳು ಜನಕ್ಕೆ ಏಳು, ಮೇಲೊಂದು."

"ಬಿರ್ತಾಳದ್ದು ಬರ್ಲಿಲ್ಲ. ಮೆಕ್ಕಿನ್ ಅಂತ ಒಂದು ಬಂದಿದೆ."

"ಹೆಚ್ಚಿಗೆ ಕಳ್ಸಿದ್ದು ಅದೇ. ಬಿರ್ತಾಳದ್ದನ್ನೂ ನಾನೇ ಮಡಚಿ ಇಟ್ಟಿದ್ದೆ ಉನ್ನುರ್, ನೆನಪಿದೆ ನಂಗೆ." ಸ್ಕ್ರೀನಿನ ಹತ್ತಿರಕ್ಕೆ ಬಗ್ಗಿದಳು. "ಮೆಕ್ಕಿನ್‌ದನ್ನ ಯಾರೂ ಹಾಕ್ಕೊಂಡಿಲ್ಲ ತಾನೆ?"

ಚಳಿಗಾಲದಲ್ಲಿ ಮೂರು ಸಲ ಒಂದೇ ಕನಸು ಬಿತ್ತಂತೆ. ಹನ್ನೊಂದು ವರ್ಷದ ಹುಡುಗಿ, ಒದ್ದೆ ಕೂದಲು, ಮಂಚದ ಕಾಲ ಬಳಿ ನಿಂತು, "ನನ್ನ ಹೆಸರು ಇಡ್ತೀಯಾ? ಮೆಕ್ಕಿನ್" ಎಂದಳಂತೆ.

ಸತ್ತವರು ಹೀಗೆ ಕನಸಿನಲ್ಲಿ ಬಂದು ಹೆಸರು ಕೇಳುವುದು ನಮ್ಮಲ್ಲಿ ಹೊಸದಲ್ಲ. ಆದರೆ ಬರುವುದು ಬಸುರಿಯರ ಕನಸಿಗೆ. ಹುಟ್ಟುವ ಮಗುವಿಗೆ ಆ ಹೆಸರಿಟ್ಟರೆ ಕೇಳಿದವರಿಗೂ ನೆಮ್ಮದಿ, ಮಗುವಿಗೂ ಒಳ್ಳೆಯದು. ಇಲ್ಲವೆಂದರೆ ಒಳ್ಳೆಯದಲ್ಲ. ನನ್ನ ಹೆಸರೂ ಹಾಗೆ ಬಂದದ್ದೇ.

"ನಾನೇನು ಬಸುರಿನಾ? ಅಡ್ರೆಸ್ ತಪ್ಪಿ ಬಂದಿದಾಳೆ ಪಾಪ ಅನ್ಕೊಂಡೆ," ಹಾಲ್ಬೆರಾ ನಗಲು ನೋಡಿದಳು. "ಹೆಸರು ಬರೆಯೋಕೆ ನನ್ಹತ್ರ ಇರೋದು ಅಂಗಿ ಬೆನ್ನೊಂದೇ. ಅದಕ್ಕೇ ಬರೆಸಿ ಕಳ್ಸಿದೆ. ಕ್ಲಬ್ ಗೋಡೆ ಮೇಲೆ ತೂಗು ಹಾಕ್ಲಿ ಅಂತ. ಚೀಟಿ ಇಟ್ಟಿದ್ನಲ್ಲ?"

ಚೀಟಿಯೂ ಇರಲಿಲ್ಲ.

ಮೇ ೩೦

ಹದಿನಾರು ದಿನ ಬರೆದಿಲ್ಲ. ಅಂಗಿಯನ್ನು ಅವತ್ತೇ ತೆಗೆಸಬೇಕಿತ್ತು. ತೆಗೆಸಲಿಲ್ಲ.

ಕಾರಣ: ಅವಳು ಮಾತಾಡುತ್ತಿದ್ದಾಳೆ. ಬೇಕರಿಯಲ್ಲಿ ತಾನೇ ಮುಂದೆ ಹೋಗಿ ಎಣ್ಣೆಯಲ್ಲಿ ಕರಿದ ಸಿಹಿ ಕ್ಲೈನಾ ಎರಡು ಕೇಳಿದಳು, ಬಿಸಿ ಇಲ್ಲ ಎಂದು ಜಗಳವಾಡಿದಳು. ಮನೆಗೆ ಗೆಳತಿಯರು ಬಂದಿದ್ದರು. ಮೂರು ಜನ. ಬೂಟುಗಳು ಬಾಗಿಲಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಜೋಡಿಸದೆ ಬಹಳ ಹೊತ್ತು ನೋಡುತ್ತಾ ನಿಂತಿದ್ದೆ.

ಯಾವ ತಾಯಿ ತೆಗೆಸುತ್ತಾಳೆ.

ಜೂನ್ ೩, ಶನಿವಾರ

ಈಜುಕೊಳದ ಬಿಸಿನೀರಿನ ತೊಟ್ಟಿ. ಯೋರುನ್ ಒಬ್ಬಳೇ ಕೂತಿದ್ದಳು. ಎಪ್ಪತ್ತು ದಾಟಿದೆ. ಈ ಊರಲ್ಲಿ ಹುಟ್ಟಿ ಈ ಊರು ಬಿಟ್ಟು ಹೋಗದವಳು. ಮೆಕ್ಕಿನ್ ಎಂದರೆ ಯಾರು ಎಂದು ಕೇಳಿದೆ.

"ನಮ್ಮಕ್ಕ." ನೀರನ್ನೇ ನೋಡುತ್ತಿದ್ದಳು. "ಆಗ ಹುಡುಗೀರನ್ನ ಎಲ್ಲಿ ಆಡೋಕೆ ಬಿಡ್ತಿದ್ರು? ಸಮುದ್ರದ ಕಡೆ ಗೋಲಿನ ಹಿಂದೆ ನಿಂತು ಚೆಂಡು ತಂದು ಕೊಡೋಳು. ಎಡಗಾಲಲ್ಲಿ ಒದ್ದು ಕೊಡೋಳು, ಹುಡುಗರಿಗಿಂತ ಚೆನ್ನಾಗಿ. ಒಂದಿನ ಚೆಂಡಿನ ಹಿಂದೆ ನೀರಿಗಿಳಿದ್ಲು. ಚೆಂಡು ಸಾಯಂಕಾಲ ದಡಕ್ಕೆ ಬಂತು. ಅವಳು ಬರ್ಲಿಲ್ಲ."

ಕನಸಿನ ವಿಷಯ, ಅಂಗಿಯ ವಿಷಯ ಹೇಳಿದೆ.

"ಹೆಸರು ಕೇಳಿದ್ದಕ್ಕೆ ಅಂಗಿ ಕೊಟ್ಲಾ? ಆ ಹಾಲ್ಬೆರಾಗೆ ಕೈ ದೊಡ್ಡದು, ತಲೆ ಅಷ್ಟಕ್ಕಷ್ಟೆ. ಕೊಡೋದೇನೋ ಸರಿ, ಕೇಳಿದ್ದೇನು ಅಂತ ನೋಡ್ಬೇಡ್ವಾ?" ಆಮೇಲೆ ನನ್ನ ಕಡೆ ತಿರುಗಿದಳು. "ಹೆಸರು ಹುಟ್ಟೋ ಮಗೂಗೇ ಯಾಕಿಡ್ತಾರೆ ಹೇಳು? ಅಲ್ಲಿ ಜಾಗ ಖಾಲಿ ಇರತ್ತೆ. ಆಗ್ಲೇ ಹೆಸರಿರೋ ಹುಡುಗಿ ಮೇಲೆ ಇನ್ನೊಂದು ತಂದು ಹಾಕಿದ್ರೆ, ಇಬ್ರಲ್ಲಿ ಒಬ್ರು ಎದ್ದು ಜಾಗ ಬಿಡ್ಬೇಕು. ನಿನ್ನ ಮಗಳು ಜಗಳ ಆಡೋಳಾ?"

ಬಿರ್ತಾ ಬಸ್ಸಿನಲ್ಲಿ ಯಾರಾದರೂ ನಿಂತಿದ್ದರೆ ಎದ್ದುಬಿಡುತ್ತಾಳೆ. ಚಿಕ್ಕವರಿಗೂ.

"ಇವತ್ತೇ ತೆಗೆಸು."

"ಈ ತಿಂಗಳ ಟೂರ್ನಮೆಂಟ್ ಮುಗೀಲಿ," ಅಂದೆ. ಇರುವವರೇ ಏಳು ಜನ. ಒಬ್ಬಳು ಮುನಿಸಿಕೊಂಡು ಕೂತರೂ ತಂಡವಿಲ್ಲ. ಹಾಗೆಂದು ಹೇಳಿದೆ. ನಿಜವಾದ ಕಾರಣ ಹೇಳಲಿಲ್ಲ. ಅವಳಿಗೆ ಗೊತ್ತಾಗಿತ್ತು.

ಜೂನ್ ೭

ಮನೆಯೊಳಗೆ, ಅವಳ ಬೆನ್ನ ಹಿಂದೆ ನಿಂತು "ಬಿರ್ತಾ" ಎಂದೆ. ಮೂರನೇ ಸಲಕ್ಕೆ ತಿರುಗಿದಳು.

ಜೂನ್ ೧೧

ಐದನೇ ಸಲ.

ಜೂನ್ ೧೮, ಭಾನುವಾರ

ಪಕ್ಕದ ಫ್ಯೋರ್ಡಿನ, ಬೆಟ್ಟದಾಚೆಯ ಕಡಲತೋಳಿನ, ಊರಲ್ಲಿ ಟೂರ್ನಮೆಂಟ್. ಗೆದ್ದೆವು. ಏಳು ಜನರ ತಂಡ, ಬದಲಿಗೆ ಒಬ್ಬಳೂ ಇಲ್ಲದೆ. ಹತ್ತು ಗೋಲಿನಲ್ಲಿ ಆರು ಅವಳವು, ಎಲ್ಲವೂ ಎಡಗಾಲಿನವು. ಗುರುತಿಲ್ಲದ ತಂದೆತಾಯಂದಿರು ಕಂಬಿಯ ಮೇಲೆ ಬಗ್ಗಿ ಕೂಗುತ್ತಿದ್ದರು. ಮೆಕ್ಕಿನ್, ಮೆಕ್ಕಿನ್. ಆ ಹೆಸರನ್ನು ಮೈದಾನದ ಬದಿಯಲ್ಲಿ ನಿಂತು ಅಷ್ಟು ಜನ ಹಿಂದೆಂದೂ ಕೂಗಿರಲಾರರು.

ಕೊನೆಯ ಗೋಲಿಗೆ ನಾನೂ ಕೂಗಿದೆ. ಬಾಯಿಗೆ ಅದೇ ಬಂತು. ಬರೆದಿಡುತ್ತೇನೆ: ಕೂಗಿದಾಗ ಸಂತೋಷವಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬ ಮುದುಕ ನಿಂತಿದ್ದ. ಅವಳು ಏಳಲಿಲ್ಲ. ಕಿಟಕಿಯಾಚೆ ನೋಡುತ್ತಾ ಹಾಡು ಗುನುಗುತ್ತಿದ್ದಳು.

ಜೂನ್ ೨೪, ಶನಿವಾರ, ಸಂಜೆ ೬

ಬಾಗಿಲು ಹಾಕಿ ಕೂತಿದ್ದೇನೆ. ಬರೆಯಬಹುದು.

ಊರಿನ ಮೈದಾನದಲ್ಲಿ ಪಂದ್ಯ. ಯೋರುನ್ ಕೂಡ ಬಂದಿದ್ದಳು, ನನ್ನ ಪಕ್ಕ ಕೂತಿದ್ದಳು. ಬಾಲ್ ಬೇಲಿ ದಾಟಿ ಸಮುದ್ರಕ್ಕೆ ಬಿತ್ತು. ಇನ್ನೊಂದು ಬಾಲ್ ಇದೆ ಎಂದು ಓರ್ಮುರ್ ಕೂಗುತ್ತಲೇ ಇದ್ದ. ಅವಳಾಗಲೇ ಬೇಲಿ ಹಾರಿದ್ದಳು. ಮೊಣಕಾಲಿನವರೆಗೆ ನೀರು. ಸೊಂಟದವರೆಗೆ. ಓಡಿದೆ. ಬಿರ್ತಾ ಎಂದೆ. ಬಿರ್ತಾ. ಒಂಬತ್ತು ಸಲ ಕರೆದೆ. ಎಣಿಸಿದ್ದೇನೆ. ಕಿವಿಯೇ ಇಲ್ಲದವಳ ಹಾಗೆ ಹೋಗುತ್ತಲೇ ಇದ್ದಳು. ಎದೆಯವರೆಗೆ ನೀರು.

"ಮೆಕ್ಕಿನ್!" ಎಂದೆ.

ತಕ್ಷಣ ತಿರುಗಿದಳು. ಬಾಲ್ ಕೈಯಲ್ಲಿ. ನಗುತ್ತಾ ದಡಕ್ಕೆ ಬಂದಳು.

"ಏನಮ್ಮ ಅಷ್ಟು ಗಾಬರಿ? ಬಂದ್ನಲ್ಲ."

ಒದ್ದೆ ಕೂದಲು. ಟವೆಲ್ ಸುತ್ತಿ ಅಪ್ಪಿಕೊಂಡೆ. ಯೋರುನ್ ಹಿಂದಿನಿಂದ ನಿಧಾನವಾಗಿ ನಡೆದು ಬಂದಳು. ಹುಡುಗಿಯನ್ನು ಮುಟ್ಟಲಿಲ್ಲ. ಬಹಳ ಹೊತ್ತು ಮುಖ ನೋಡಿದಳು, ಅಷ್ಟೆ.

"ಆ ಹೆಸರನ್ನ ನೀನೇ ಇಟ್ಟುಬಿಟ್ಟೆಯಲ್ಲ ಮಗಳೇ," ಅಂದಳು ನನಗೆ. ಅವಳ ಕಣ್ಣಲ್ಲಿ ನೀರಿತ್ತು. ಯಾವ ಕಾರಣಕ್ಕೆ ಎಂದು ನಾನು ಕೇಳಲಿಲ್ಲ.

ಜುಲೈ ೧

ಅಂಗಿಯ ಬೆನ್ನಿನ ಅಕ್ಷರಗಳನ್ನು ಬ್ಲೇಡಿನಿಂದ ಕೆರೆದು ತೆಗೆದೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಳುತ್ತಾಳೆ, ಕಿತ್ತುಕೊಳ್ಳುತ್ತಾಳೆ ಎಂದುಕೊಂಡಿದ್ದೆ.

"ತೆಗಿ ಪರವಾಗಿಲ್ಲ. ಇನ್ನು ಬೇಕಾಗಿಲ್ಲ ಅದು."

ಪ್ರೀತಿಯಿಂದಲೇ ಹೇಳಿದಳು. ಕೆಟ್ಟ ಹುಡುಗಿಯಲ್ಲ. ಪಾತ್ರೆ ತೊಳೆಯುತ್ತಾಳೆ, ನಾನು ಕೆಲಸದಿಂದ ಬಂದರೆ ಕಾಫಿ ಮಾಡಿಕೊಡುತ್ತಾಳೆ. ಬಿರ್ತಾ ಮಾಡುತ್ತಿರಲಿಲ್ಲ.

ಮೇಲಿನ ಸಾಲು ಮತ್ತೆ ಓದಿದೆ. 'ಮಾಡುತ್ತಿರಲಿಲ್ಲ' ಎಂದು ಬರೆದಿದ್ದೇನೆ. ಹೊಡೆದು ಹಾಕುವುದಿಲ್ಲ. ಇರಲಿ.

ಜುಲೈ ೯, ಭಾನುವಾರ, ಬೆಳಿಗ್ಗೆ ೧೧.೪೦

ಹತ್ತಕ್ಕೆ ಹಾಲ್ಬೆರಾ ಫೋನ್ ಮಾಡಿದ್ದಳು. ಮಾತಿಗೆ ಮುಂಚೆಯೇ ನಗು.

"ಯಾರಿಗೂ ಹೇಳ್ಬೇಡ. ಕ್ಲಬ್ಬಿಗೂ ಗೊತ್ತಿಲ್ಲ ಇನ್ನೂ. ಮೂರು ತಿಂಗಳು ನಂಗೆ."

ಒಳ್ಳೆಯದಾಯಿತು ಎಂದೆ. ನಿಜವಾಗಿಯೂ ಸಂತೋಷವಾಯಿತು.

"ನಿಂಗೇ ಮೊದ್ಲು ಹೇಳ್ತಿರೋದು ಯಾಕೆ ಗೊತ್ತಾ? ಮತ್ತೆ ಕನಸು ಬಿತ್ತು. ಈ ಸಲದ್ದು ಬೇರೆ ಹುಡುಗಿ. ಒಳಗೂ ಬರ್ಲಿಲ್ಲ ಪಾಪ, ಬಾಗಿಲ ಹತ್ರಾನೇ ನಿಂತಿದ್ಲು, ತಲೆ ತಗ್ಗಿಸ್ಕೊಂಡು. ಕೇಳೋಕೇ ನಾಚಿಕೆ. ಎಷ್ಟೋ ಹೊತ್ತಾದ ಮೇಲೆ, ಇಷ್ಟೇ ಇಷ್ಟು ಧ್ವನೀಲಿ, ನನ್ನ ಹೆಸರು ಇಡ್ತೀಯಾ ಅಂದ್ಲು."

"ಏನು ಹೆಸರು?"

"ಬಿರ್ತಾ! ನಿನ್ನ ಮಗಳದ್ದೇ. ಚೆನ್ನಾಗಿದೆ ಅಲ್ವಾ? ಈ ಸಲ ಅಂಗಿ ಗಿಂಗಿ ಇಲ್ಲ ಮಾರಾಯ್ತಿ, ಸರಿಯಾಗಿ ಮಗೂಗೇ ಇಡ್ತೀನಿ. ನಿಮ್ಮನೇಲಿ ಹಿಂದೆ ಯಾರಾದ್ರೂ ಬಿರ್ತಾ ಅಂತ ತೀರ್ಕೊಂಡಿದ್ರಾ?"

ಇಲ್ಲ ಎಂದೆ.

"ಹಾಗಾದ್ರೆ ಊರಲ್ಲಿ ಯಾರೋ ಇರ್ಬೇಕು ಬಿಡು. ಆದ್ರೂ ನಿನ್ನ ಕೇಳ್ದೆ ಇಡಲ್ಲ. ನೀನು ಹ್ಞೂಂ ಅಂದ್ರೆ ಮಾತ್ರ. ಯೋಚ್ನೆ ಮಾಡಿ ಮಧ್ಯಾಹ್ನ ಹೇಳು."

ಫೋನ್ ಇಟ್ಟು ಚರ್ಚಿನ ಸ್ಮಶಾನಕ್ಕೆ ಹೋದೆ. ಇನ್ನೂರ ಹನ್ನೆರಡು ಕಲ್ಲುಗಳು. ಎಲ್ಲವನ್ನೂ ಓದಿದೆ. ಪಾಚಿ ಕಟ್ಟಿದ್ದನ್ನು ಉಗುರಿನಿಂದ ಕೆರೆದು ಓದಿದೆ. ಬಿರ್ತಾ ಈಚಿನ ಹೆಸರು. ನನ್ನ ಕಾಲಕ್ಕೆ ಮುಂಚೆ ಈ ಕಡೆ ಯಾರೂ ಇಡುತ್ತಿರಲಿಲ್ಲ. ಒಂದು ಕಲ್ಲಿನ ಮೇಲೂ ಇಲ್ಲ.

ಹ್ಞೂಂ ಎಂದರೆ ಬಿರ್ತಾಳಿಗೊಂದು ಜಾಗ ಸಿಗುತ್ತದೆ. ಖಾಲಿ ಇರುವ ಜಾಗ. ಯಾರೂ ಎಬ್ಬಿಸದ ಜಾಗ. ಹಾಲ್ಬೆರಾ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ನನಗೆ ಮಾತ್ರ ಅವಳು ಮತ್ತೆ ಸಿಗುವುದಿಲ್ಲ.

ಇಲ್ಲ ಎಂದರೆ ಬಾಗಿಲಲ್ಲಿಯೇ ನಿಂತಿರುತ್ತಾಳೆ.

ಅಂಗಳದಲ್ಲಿ ಚೆಂಡು ಗೋಡೆಗೆ ಬಡಿಯುತ್ತಿದೆ. ಒಂದೇ ತಾಳ. ಕಿಟಕಿ ತೆರೆದು ಒಂದೇ ಒಂದು ಸಲ ಬಿರ್ತಾ ಎಂದು ಕರೆಯುತ್ತೇನೆ. ಮೆಲ್ಲಗೆ, ಅವಳು ಮಾತಾಡುತ್ತಿದ್ದಷ್ಟೇ ಮೆಲ್ಲಗೆ. ತಿರುಗಿದರೆ ಹಾಲ್ಬೆರಾಳಿಗೆ ಇಲ್ಲ ಎನ್ನುತ್ತೇನೆ. ತಿರುಗದಿದ್ದರೆ—

ಕಿಟಕಿ ತೆರೆದೆ. ಪುಸ್ತಕ ಕೈಯಲ್ಲೇ ಇದೆ. ಇನ್ನೂ ಕರೆದಿಲ್ಲ. ಚೆಂಡಿನ ಸದ್ದು ನಿಂತಿತು. ಅವಳು ತಾನಾಗಿಯೇ ತಿರುಗಿ, ನನ್ನ ತುಟಿಗಳನ್ನೇ ನೋಡುತ್ತಾ ನಿಂತಿದ್ದಾಳೆ, ಯಾವ ಹೆಸರು ಬರುತ್ತದೆಂದು.