ಸೀಮೆ ಕಟ್ಟಿದ ಮಂಗಳವಾರ

ಡಂಬಳ
ತಾ. ೨೮ ಏಪ್ರಿಲ್ ೧೯೫೩

ಚಿ. ದತ್ತಾತ್ರಿಗೆ ಅಕ್ಕ ತಾರಾಬಾಯಿಯ ತುಂಬು ಮನಸ್ಸಿನ ಆಶೀರ್ವಾದ.

ಗದಗಿನಿಂದ ನೀನು ಬರೆದ ಎರಡೂ ಕಾರ್ಡು ಮುಟ್ಟಿವೆ. ಉತ್ತರ ತಡವಾಯಿತೆಂದು ಮುಖ ಉಬ್ಬಿಸಬೇಡ. ಇದು ಹಪ್ಪಳ ಸಂಡಿಗೆಯ ಕಾಲ. ಬೆಳಗಾದರೆ ಮಾಳಿಗೆಯ ಮೇಲೆ ನಾನು, ನನ್ನ ಜೊತೆಗೆ ಊರಿನ ಕಾಗೆಗಳು. ನಿಮ್ಮ ಭಾವನವರಿಗೆ ಶಾಲೆ ಸೂಟಿ ಬಿಟ್ಟಿದೆ, ಮನೆಯಲ್ಲಿದ್ದು ಒಂದು ಕಾಗೆ ಓಡಿಸಿಯಾರೆಂದರೆ ಅದೂ ಇಲ್ಲ. ಇವತ್ತು ಮುಂಡರಗಿಯಲ್ಲಿ ಸಭೆ, ನಾಳೆ ಶಿರಹಟ್ಟಿಯಲ್ಲಿ ಸಭೆ. ಭಾಷಣ ಮಾಡಿ ಮಾಡಿ ಗಂಟಲು ಕೂತಿದೆ. ಮನೆಗೆ ಬಂದು ಸನ್ನೆಯಲ್ಲಿ ಮಜ್ಜಿಗೆ ಕೇಳುತ್ತಾರೆ.

ನೀವು ಭಾವ ಮೈದುನ ಸೇರಿ ಕರ್ನಾಟಕ ಒಂದು ಮಾಡುತ್ತೀರೆಂದರೆ ನಾನು ಬೇಡ ಎನ್ನುವವಳಲ್ಲ. ಲಕ್ಷ್ಮೇಶ್ವರದಿಂದ ಮದುವೆಯಾಗಿ ಬರುವಾಗ ಸಂಸ್ಥಾನದ ನಾಕಾದಲ್ಲಿ ಗಾಡಿ ನಿಲ್ಲಿಸಿ ನನ್ನ ಟ್ರಂಕು ತೆರೆಸಿದ್ದು ನಿನಗೆ ನೆನಪಿರಲಿಕ್ಕಿಲ್ಲ, ನೀನಿನ್ನೂ ಅಂಗಿಯ ತುದಿ ಕಚ್ಚುವ ಹುಡುಗ. ಒಬ್ಬ ಮೀಸೆಯವನು ನನ್ನ ಸೀರೆಗಳನ್ನು ಕೋಲಿನಿಂದ ಕೆದಕಿ ನೋಡಿದ. ಆಗ ಬಂದ ಅಳು ಇನ್ನೂ ಇದೆ. ಈಗಲೂ ಕೊರ್ಲಹಳ್ಳಿಯಲ್ಲಿ ಹೊಳೆ ದಾಟಿದರೆ ಬೇರೆ ಸರಕಾರ. ಅದು ಹೋಗಲಿ ಎಂದು ನಾನೂ ದೇವರಿಗೆ ಹೇಳಿಕೊಂಡಿದ್ದೇನೆ.

ಆದರೆ ರಸ್ತೆ ತಡೆಯುವ ಮಾತು ಬಂದಾಗಿನಿಂದ ನನಗೆ ಎದೆಯಲ್ಲಿ ಸಮಾಧಾನವಿಲ್ಲ. ನಮ್ಮ ಹಿತ್ತಲ ಆಚೆಯ ಗಾಡಿ ಮಕ್ತುಮಸಾಬನ ಮಗಳು ಗುಲಾಬಬಿ ಚೊಚ್ಚಲ ಬಾಣಂತನಕ್ಕೆ ಬಂದಿದ್ದಾಳೆ. ತಾಯಿಯಿಲ್ಲದ ಹುಡುಗಿ, ನಮ್ಮ ಪಡಸಾಲೆಯಲ್ಲೇ ಆಡಿ ದೊಡ್ಡವಳಾದವಳು. ನನಗೆ ಹೆಣ್ಣುಮಕ್ಕಳಿಲ್ಲದ ಕೊರತೆಯನ್ನು ಅರ್ಧ ತುಂಬಿದವಳು. ಮೊನ್ನೆ ಸೂಲಗಿತ್ತಿ ಮುತ್ತವ್ವ ಹೊಟ್ಟೆ ಮುಟ್ಟಿ ನೋಡಿ ನನ್ನನ್ನು ಹೊರಗೆ ಕರೆದಳು. "ಕೂಸು ಅಡ್ಡ ಮಲಗೇತ್ರಿ ಬಾಯಾರ. ಇದು ನನ್ನ ಕೈಯಾಗಿನ ಕೆಲಸ ಅಲ್ಲ. ಬ್ಯಾನಿ ಹತ್ತಿದ ಕೂಡ್ಲೆ ಬೆಟಗೇರಿ ದವಾಖಾನಿಗಿ ಒಯ್ರಿ, ತಡಾ ಮಾಡಬ್ಯಾಡ್ರಿ," ಅಂದಳು. ಬೆಟಗೇರಿಯಲ್ಲಿ ಗುಲಾಬಬಿಯ ಗಂಡನ ಮನೆಯೇನೋ ಇದೆ. ಒಂದೇ ಕೋಣೆ, ಅದರಲ್ಲಿ ಮಗ್ಗ, ಮಗ್ಗದ ಪಕ್ಕ ಹಾಸಿಗೆ ಹಿಡಿದ ಅತ್ತೆ. ದಿನ ಹತ್ತಿರ ಬಂದಮೇಲೆ ಹೋಗುವುದೆಂದು ಇಟ್ಟುಕೊಂಡಿದ್ದಾರೆ.

ಒಂದು ಗಾಲಿಯೂ ಉರುಳಬಾರದು ಎಂದು ನೀನು ಇವರಿಗೆ ಬರೆದಿದ್ದೀಯಂತೆ, ಇವರು ಓದಿ ಹೇಳಿದರು. ರೋಗಿಗಳ ಗಾಡಿ ಬಿಡುತ್ತೀರೋ ಇಲ್ಲವೋ, ಅದನ್ನು ನಿನ್ನ ಕೈಯಿಂದಲೇ ಬರೆದು ಕಳಿಸು. ಮಕ್ತುಮಸಾಬನಿಗೆ ತೋರಿಸಬೇಕು.

ಬಿಸಿಲಲ್ಲಿ ಬರಿತಲೆಯಲ್ಲಿ ತಿರುಗಬೇಡ. ದೇವರು ನಿನ್ನ ಬುದ್ಧಿಯನ್ನೂ ಗಂಟಲನ್ನೂ ಕಾಯಲಿ.

ನಿನ್ನ ಅಕ್ಕ
ತಾರಾ

ಡಂಬಳ
ತಾ. ೧೦ ಮೇ ೧೯೫೩

ಚಿ. ದತ್ತಾತ್ರಿಗೆ ಅಕ್ಕನ ಆಶೀರ್ವಾದ.

ನಿನ್ನ ಉತ್ತರ ಬಂತು, ಜೀವ ತಣ್ಣಗಾಯಿತು. "ರೋಗಿಗಳ ಗಾಡಿ ತಡೆಯುವುದು ನಮ್ಮ ಧರ್ಮವಲ್ಲ, ಅಕ್ಕಾ" ಎಂದು ನೀನು ಬರೆದದ್ದನ್ನು ಮಕ್ತುಮಸಾಬನಿಗೆ ಎರಡು ಸಲ ಓದಿದೆ. ಅವನು ರುಮಾಲು ಸರಿಮಾಡಿಕೊಂಡು, "ದತ್ತಣ್ಣ ಬರದಾನಂದ್ರ ಮುಗೀತ್ರಿ," ಅಂದ. ಬುಧವಾರ ಬೆಳಗ್ಗೆ ಮಗಳನ್ನು ಬೆಟಗೇರಿಗೆ ಒಯ್ಯುತ್ತಾನೆ. ದಿನ ಇನ್ನೂ ಇವೆ, ಆದರೂ ನಾನೇ ಅವಸರ ಮಾಡಿದೆ.

ನಿಮ್ಮ ರಸ್ತೆ ತಡೆ ಮಂಗಳವಾರ. ಅದಕ್ಕೆ ನಿಮ್ಮ ಭಾವನವರು ಹೂಡಿದ ಉಪಾಯ ಕೇಳು. ಹೋದ ಸಲ ಶಿರಹಟ್ಟಿ ದಾರಿಯಲ್ಲಿ ನಿಮ್ಮ ಹುಡುಗರು ಕಲ್ಲು ಒಟ್ಟಿದರು, ಪೊಲೀಸರು ಎತ್ತಿ ಬಿಸಾಕಿದರು. ಹುಣಸೆ ಮರ ಕಡಿದು ಕೆಡವಿದರು, ಲಾರಿಗೆ ಹಗ್ಗ ಕಟ್ಟಿ ಎಳೆದರು. ಶುಕ್ರವಾರ ಕಟ್ಟೆಯ ಮೇಲೆ ಹಿರಿಯರು ಕೂತಾಗ ಇವರು ಅಂದರಂತೆ, "ಕಲ್ಲು ಬ್ಯಾಡ, ಗಿಡಾ ಬ್ಯಾಡ. ಸೀಮಿ ಕಟ್ಟೋಣು. ದ್ಯಾಮವ್ವನ ಗೆರಿ ಯಾವ ಪೊಲೀಸ ದಾಟ್ತಾನ ನೋಡೋಣು."

ನಿನಗೆ ಗೊತ್ತಲ್ಲ, ಊರಿಗೆ ದೊಡ್ಡ ರೋಗ ಬರುವ ಅಂಜಿಕೆ ಇದ್ದಾಗ ಇಲ್ಲಿ ಸೀಮೆ ಕಟ್ಟುತ್ತಾರೆ. ಊರಿಂದ ಹೊರಗೆ ಹೋಗುವ ಎಲ್ಲ ದಾರಿಗೂ ಬೇವಿನ ತೋರಣ, ಅದರ ಕೆಳಗೆ ಬೂದಿ ಮತ್ತು ದೇವಿಯ ಅರಿಸಿನ ಭಂಡಾರದ ಗೆರೆ. ಹೊತ್ತು ಹುಟ್ಟಿದಾಗಿನಿಂದ ದೀಪ ಹಚ್ಚುವ ತನಕ ಯಾರೂ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ. ದಾಟಿದರೆ ದೇವಿ ಊರೊಳಗೆ ರೋಗವನ್ನು ಬಿಡುತ್ತಾಳೆಂದು ನಂಬಿಕೆ. ಮುಂಡರಗಿಯಲ್ಲಿ ಈಗ ಸಿಡುಬು ಕಾಣಿಸಿಕೊಂಡಿದೆಯಂತೆ, ಹಾಗಾಗಿ ನೆಪವೂ ಸಿಕ್ಕಿತು.

ಹಿರಿಯ ಉಳವಪ್ಪ ಮಾತ್ರ, "ಮಾಸ್ತರ್ರ, ಆಕಿ ಹೆಸರಿಲೆ ನಮ್ಮ ಕೆಲಸ ಮಾಡಸಬಾರದ್ರಿ. ಆಕಿ ಕಟ್ಟಿದ್ದನ್ನ ನಾವು ಬಿಚ್ಚಾಕ ಬರೂದಿಲ್ಲ," ಅಂದನಂತೆ. ಉಳಿದವರು ನಕ್ಕರು. ಕಡೆಗೆ ಅವನೂ ಒಪ್ಪಿದ.

ಇವರು ಮನೆಗೆ ಬಂದು ಹುಮ್ಮಸ್ಸಿನಿಂದ ಹೇಳುವಾಗ ನಾನು ಕೇಳಿದೆ, "ಯಾರಿಗರ ಜಡ್ಡಾದ್ರ?"

"ನೀ ಒಬ್ಬಾಕಿ! ಗೆರಿ ಹಾಕಾವ್ರು ನಾವು, ಬಿಡಾವ್ರೂ ನಾವ. ನಾನಽ ಅಲ್ಲಿ ನಿಂತಿರ್ತೀನಿ."

ಸರಿ ಎಂದು ಒಲೆಯ ಮುಂದೆ ಕೂತೆ. ಆದರೆ ರೊಟ್ಟಿ ಬಡಿಯುವಾಗ ಉಳವಪ್ಪನ ಮಾತೇ ಕಿವಿಯಲ್ಲಿತ್ತು. ಇವತ್ತು ಸಂಜೆ ಗುಲಾಬಬಿ ಬಂದು ನಮ್ಮ ಕಂಬಕ್ಕೆ ಒರಗಿ ಕೂತಳು. ಸೊಂಟ ಹಿಡಿದುಕೊಂಡು, "ಅಕ್ಕಾರ, ಹುಣಸಿ ತೊಕ್ಕು ಐತೇನ್ರಿ?" ಅಂದಳು. ಕಾಲು ಬಾತಿದ್ದವು, ಮುಖ ಬಿಳಚಿಕೊಂಡಿತ್ತು. ನನಗೆ ಅದು ಸರಿ ಕಾಣಲಿಲ್ಲ. ಸೋಮವಾರವೇ ಒಯ್ಯೆಂದು ಮಕ್ತುಮಸಾಬನಿಗೆ ಹೇಳಿಕಳಿಸಿದೆ. ಎತ್ತಿಗೆ ಲಾಳ ಕಟ್ಟಿಸಬೇಕು, ಬುಧವಾರ ನಸುಕಿನಲ್ಲೇ ಹೊರಡುತ್ತೇನೆ ಎಂದು ಹೇಳಿಕಳಿಸಿದ.

ಬುಧವಾರ ಆಗಿಹೋದರೆ ಸಾಕು. ನೀನು ಜೋಪಾನವಾಗಿರು, ಲಾಠಿಯ ಹತ್ತಿರ ನಿಲ್ಲಬೇಡ.

ನಿನ್ನ ಅಕ್ಕ
ತಾರಾ

ಡಂಬಳ
ತಾ. ೨೪ ಮೇ ೧೯೫೩

ಚಿ. ದತ್ತಾತ್ರಿಗೆ ಅಕ್ಕನ ಆಶೀರ್ವಾದ.

ಇಷ್ಟು ದಿನ ಬರೆಯದಿದ್ದುದಕ್ಕೆ ಈ ಸಲ ಹಪ್ಪಳ ಕಾರಣವಲ್ಲ. ಡಂಬಳದ ಸುದ್ದಿ ಕೇಳಿ ಗದಗಿನಲ್ಲಿ ಎಲ್ಲರೂ ಸಂತೋಷಪಟ್ಟರು, ಮುಂದಿನ ಸಲ ಎಲ್ಲ ಊರಲ್ಲೂ ಹೀಗೇ ಸೀಮೆ ಕಟ್ಟಿಸುತ್ತೇವೆ ಎಂದು ಬರೆದಿದ್ದೀಯ. ಅದನ್ನು ಓದಿದಮೇಲೆ ಸುಮ್ಮನಿರಲು ಆಗಲಿಲ್ಲ.

ಹೌದು, ಆ ಮಂಗಳವಾರ ಯಾರೂ ದಾಟಲಿಲ್ಲ. ಬೆಳಗ್ಗೆ ಫೌಜದಾರನ ಜೀಪು ಬಂತು. ಅವನು ಇಳಿದು ತೋರಣ ನೋಡಿದ, ಬೂಟು ಕಳೆದು ದೂರದಿಂದಲೇ ಕೈ ಮುಗಿದ, ತಿರುಗಿ ಹೋದ. ಮುಂಡರಗಿ ಕಡೆಯ ದಾರಿಯಲ್ಲಿ ಎರಡು ಮೋಟಾರು ನಿಂತವು, ಒಬ್ಬನೂ ಜಗಳ ತೆಗೆಯಲಿಲ್ಲ. ಊರು ಹಬ್ಬದ ಹಾಗೆ ನಕ್ಕಿತು. ನಾನೂ ನಕ್ಕೆ.

ಮಧ್ಯಾಹ್ನ ಗುಲಾಬಬಿಗೆ ಬೇನೆ ಹತ್ತಿತು. ಮುತ್ತವ್ವ ಒಂದೇ ಮಾತು ಹೇಳಿದಳು: ಗಾಡಿ ಕಟ್ರಿ. ಮಕ್ತುಮಸಾಬ ಚಕ್ಕಡಿಯಲ್ಲಿ ಹುಲ್ಲು ಹಾಸಿದ, ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬೆಟಗೇರಿಗೆ ಹೋಗುವ ಗದಗಿನ ದಾರಿಯ ಗೆರೆಯ ಹತ್ತಿರ ಬಂದಾಗ ಕಾವಲಿನವರು ಊಟಕ್ಕೆ ಹೋಗಿದ್ದರು. ನಿಮ್ಮ ಭಾವನವರು ಒಬ್ಬರೇ ಇದ್ದರು.

"ಹೊಡಿ ಗಾಡಿ. ನಾ ಅದೀನಿ," ಅಂದರು.

ಮಕ್ತುಮಸಾಬ ಇಳಿದು ನಿಂತ. "ಹೆಂಗ ಹೊಡೀಲ್ರಿ ಮಾಸ್ತರ? ಗೆರಿ ಐತಲ್ರಿ."

ಇವರು ಚಪ್ಪಲಿ ಬಿಟ್ಟರು. ಬರಿಗಾಲಿನಿಂದ ಆ ಬೂದಿ ಭಂಡಾರ ಎಲ್ಲವನ್ನೂ ಒರೆಸಿಹಾಕಿದರು, ತೋರಣ ಕಿತ್ತು ಬೇಲಿಗೆ ಬಿಸಾಕಿದರು. "ಈಗ ಇಲ್ಲ ನೋಡು. ಜಲ್ದಿ ಹೊಡಿ." ದತ್ತಾ, ಆ ಗಳಿಗೆಯಲ್ಲಿ ಈ ಮನುಷ್ಯನನ್ನು ಮದುವೆಯಾದದ್ದಕ್ಕೆ ನನಗೆ ಹೆಮ್ಮೆಯಾಯಿತು.

ಮಕ್ತುಮಸಾಬ ಮಾತ್ರ ಎತ್ತಿನ ಕೊಂಬು ಹಿಡಿದು ಹಾಗೇ ನಿಂತ. "ನೀವು ಅಳಿಸಿದ್ರಿ, ಖರೆ. ನೀವು ಊರ ಮಾಸ್ತರ್ರು. ನಾ ದಾಟಿದ್ರ ಏನಂತಾರ್ರಿ? ನಾಳೆ ಒಂದ ಕೂಸಿಗಿ ಸಿಡುಬು ಎದ್ರ, ಸಾಬನ ಗಾಡಿ ದಾಟಿತ್ತು ಅಂತಾರ. ಗಡಿ ಆಚಿ ರಜಾಕಾರ್ರ ಗದ್ದಲ ಆದಾಗ ಈ ಊರು ನಮಗ ಒಂದ ಕೆಟ್ಟ ಮಾತು ಅಂದಿಲ್ರಿ. ಅದನ್ನ ಕಳಕೊಂಡು ನಾವು ಎಲ್ಲಿ ಬಾಳೇವು ಮಾಡೂಣ್ರಿ?"

"ಅಬ್ಬಾ, ಹೊಡಿಯಪ್ಪಾ ಗಾಡಿ," ಅಂದಳು ಗುಲಾಬಬಿ. ಜೋರಾಗಿ ಅಲ್ಲ. ನನ್ನ ಸೆರಗು ಅವಳ ಮುಷ್ಟಿಯಲ್ಲಿತ್ತು.

ನಾನು ಬೈದೆ, ಬೇಡಿಕೊಂಡೆ, ಹಗ್ಗ ನನ್ನ ಕೈಗೆ ಕೊಡು ಎಂದೆ. ಅವನು ಕಣ್ಣೀರು ಸುರಿಸುತ್ತಲೇ ಗಾಡಿ ತಿರುಗಿಸಿದ. ಅವತ್ತು ಅವನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಈಗಲೂ ಪೂರ್ತಿ ಹೋಗಿಲ್ಲ. ದೇವಿಯ ಪೂಜಾರಿಯ ಹತ್ತಿರ ಇವರು ಓಡಿದರು. ದೀಪದ ಹೊತ್ತಿಗೆ ಮುಂಚೆ ಬಿಚ್ಚಲು ತನಗೆ ಅಧಿಕಾರವಿಲ್ಲ ಎಂದು ಅವನು ಕೈ ಅಲ್ಲಾಡಿಸಿಬಿಟ್ಟ. ಮುತ್ತವ್ವ ತನಗೆ ತಿಳಿದದ್ದೆಲ್ಲ ಮಾಡಿದಳು. ದೀಪ ಹಚ್ಚಿದ ಕೂಡಲೆ ಗಾಡಿ ಮತ್ತೆ ಹೊರಟಿತು. ಆಗಲೇ ಹೊಟ್ಟೆಯೊಳಗಿನ ಮಿಸುಕಾಟ ನಿಂತಿತ್ತು. ಅರ್ಧ ದಾರಿಯಲ್ಲಿ ಅವಳ ಮುಷ್ಟಿ ಸಡಿಲಾಯಿತು, ಉಸಿರೂ ನಿಂತಿತು. ಗಾಡಿ ನಿಲ್ಲಿಸು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ಇನ್ನಷ್ಟು ದೂರ ಹಾಗೇ ಹೋದೆವು.

ನಿಮ್ಮ ಹೋರಾಟ ತಪ್ಪೆಂದು ನಾನು ಈಗಲೂ ಅನ್ನುವುದಿಲ್ಲ. ರಸ್ತೆ ತಡೆಯದಿದ್ದರೆ ಮುಂಬೈಯಲ್ಲಿ ಕೂತವರಿಗೆ ನಮ್ಮ ದನಿ ಕೇಳುವುದಿಲ್ಲ ಎನ್ನುತ್ತೀಯ, ಇರಬಹುದು. ಆದರೆ ಕಲ್ಲು ಇಟ್ಟಿದ್ದರೆ ನಾನೇ ಎತ್ತಿ ಹಾಕುತ್ತಿದ್ದೆ, ಮಕ್ತುಮಸಾಬ ಕೈ ಜೋಡಿಸುತ್ತಿದ್ದ. ರೋಗಿಗಳನ್ನು ಬಿಡುತ್ತೇವೆ ಎಂದು ನೀನು ಗದಗಿನಲ್ಲಿ ಕೂತು ಬರೆದೆ. ಬಿಟ್ಟರೂ ಹೋಗಲಾರದವರು ಇರುತ್ತಾರೆಂದು ನಿನಗೂ ಹೊಳೆಯಲಿಲ್ಲ, ಇವರಿಗೂ ಹೊಳೆಯಲಿಲ್ಲ. ದಯವಿಟ್ಟು ಬೇರೆ ಊರಲ್ಲಿ ಇದನ್ನು ಮಾಡಿಸಬೇಡ.

ಇನ್ನೊಂದು ಸುದ್ದಿ. ಕೆಳಗಿನ ಓಣಿಯಲ್ಲಿ ಎರಡು ಕೂಸುಗಳಿಗೆ ಸಿಡುಬು ಎದ್ದಿದೆ. ಅವತ್ತು ಸಂಜೆ ಸೀಮೆ ಬಿಚ್ಚಲು ಹೋದಾಗ ಗದಗಿನ ದಾರಿಯ ಗೆರೆ ಮೊದಲೇ ಅಳಿಸಿತ್ತೆಂದು ಪೂಜಾರಿಯೂ, ಊಟದಿಂದ ಮರಳಿದ್ದ ಕಾವಲಿನವರೂ ಈಗ ಹೇಳುತ್ತಿದ್ದಾರೆ. ನೀರಿಗೆ ಹೋದಲ್ಲಿ ಹೆಂಗಸರು ನಾನು ಬಂದರೆ ಮಾತು ನಿಲ್ಲಿಸುತ್ತಾರೆ. ಮಕ್ತುಮಸಾಬನ ಎತ್ತಿಗೆ ನೀರು ಕುಡಿಸುವ ತೊಟ್ಟಿಯಲ್ಲಿ ಯಾರೋ ಮುಳ್ಳು ಹಾಕಿದ್ದರು. ನಾಳೆ ಕಟ್ಟೆಯ ಮೇಲೆ ಹಿರಿಯರು ಕೂಡುತ್ತಾರೆ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡಿ ಎಂದು ಇವರಿಗೆ ಹೇಳಿದ್ದೇನೆ. ಹೂಂ ಅಂದಿದ್ದಾರೆ. ಅಷ್ಟು ಮಾಡಿದರೆ ಊರು ತಣ್ಣಗಾಗುತ್ತದೆ.

ನಿನ್ನ ಆಯುಷ್ಯ ಗಟ್ಟಿಯಾಗಿರಲಿ. ಯಾರ ಶಾಪವೂ ನಿನ್ನ ತಲೆಗೆ ಬಾರದಿರಲಿ ಎಂದು ದಿನಾ ದೀಪದ ಮುಂದೆ ಕೇಳಿಕೊಳ್ಳುತ್ತೇನೆ.

ನಿನ್ನ ಅಕ್ಕ
ತಾರಾ

ತಾ.ಕ. ಟಪಾಲಿನವನು ಬರದೆ ಕಾಗದ ಮನೆಯಲ್ಲೇ ಉಳಿಯಿತು, ಅದಕ್ಕೇ ಇದನ್ನು ಸೇರಿಸುತ್ತಿದ್ದೇನೆ. ನಿನ್ನೆ ಹಿರಿಯರು ಕೂಡಿದರು. ಮುತ್ತವ್ವ ಗುಡಿಯ ಗೋಡೆಯ ಹಿಂದೆ ನಿಂತು ಕೇಳಿ ಬಂದು ನನಗೆ ಹೇಳಿದಳು. "ಗೆರಿ ಯಾರು ಅಳಿಸಿದ್ರು?" ಎಂದು ಉಳವಪ್ಪ ಕೇಳಿದನಂತೆ. ಮಕ್ತುಮಸಾಬ ನಿಮ್ಮ ಭಾವನವರ ಮುಖ ನೋಡಿದ. ಇವರು ನೆಲ ನೋಡಿದರು. ಅವನು ತಲೆಯ ರುಮಾಲು ತೆಗೆದ. ಆಮೇಲೆ, "ನನ್ನ ಗಾಲಿನಽ ತಗಲಿರಬೇಕ್ರಿ, ತಪ್ಪಾತು," ಅಂದು ಕಟ್ಟೆಗೆ ಹಣೆ ಹಚ್ಚಿದ. ಇವತ್ತು ನಸುಕಿನಲ್ಲಿ ಎತ್ತು ಹೊಡೆದುಕೊಂಡು ಕೊರ್ಲಹಳ್ಳಿಯ ಕಡೆ ಹೋದ, ಮನೆಗೆ ಬೀಗವನ್ನೂ ಹಾಕಿಲ್ಲ.

ಯಾಕೆ ಹೇಳಲಿಲ್ಲ ಎಂದು ಇವರನ್ನು ಕೇಳಿದೆ. "ಏಕೀಕರಣದವರು ದೇವಿ ಗೆರಿ ತುಳದ್ರು ಅಂತ ಸುದ್ದಿ ಹಬ್ಬಿದ್ರ ಮುಂದ ಒಬ್ಬನೂ ನಮ್ಮ ಹಿಂದ ಬರೂದಿಲ್ಲ, ತಾರಾ. ಒಬ್ಬನ ಸಲುವಾಗಿ ಅಷ್ಟು ದೊಡ್ಡ ಕೆಲಸ ಕೆಡಸಲೇನು?" ಅಂದರು. ಬರುವ ಮಂಗಳವಾರ ದೇವಿಯ ಸಿಟ್ಟು ಇಳಿಸಲು ಮತ್ತೆ ಸೀಮೆ ಕಟ್ಟುತ್ತಾರೆ. ಗದಗಿನ ದಾರಿಯ ಗೆರೆಯನ್ನು ಮಾಸ್ತರರೇ ಹಾಕಲಿ ಎಂದು ಊರವರು ಅಂದಿದ್ದಾರೆ, ಇವರು ಒಪ್ಪಿಕೊಂಡಿದ್ದಾರೆ.

ಅವತ್ತು ನಾನು ಅಲ್ಲಿಗೆ ಹೋಗಿ ಎಲ್ಲರೆದುರು ಹೇಳುತ್ತೇನೆ. ಆಮೇಲೆ ಈ ಊರಲ್ಲಿ ನಮಗೆ ನೀರು ಹುಟ್ಟಲಿಕ್ಕಿಲ್ಲ. ಗದಗಿನಲ್ಲಿ ನಿನ್ನ ಬಿಡಾರದಲ್ಲಿ ಒಂದು ಮೂಲೆ ಖಾಲಿ ಮಾಡಿಸಿಡು. ಇಬ್ಬರಿಗೆ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಒಬ್ಬಳಿಗೆ ಸಾಕು.