ಬೆಕ್ಕಿನ ಮೀಸೆ

ಪ್ರೀತಿಯ ಅಕ್ಕನಿಗೆ,

ನಾನು ಚೆನ್ನಾಗಿದ್ದೇನೆ, ಕೆಲಸ ಮಾತ್ರ ಮುಂದೆ ಹೋಗುತ್ತಿಲ್ಲ. ಹೊಸ ಔಷಧಿಗಾಗಿ ಒಂದು ಪ್ರೋಟೀನಿನ ಆಕಾರ ತಿಳಿಯಬೇಕು, ಅದಕ್ಕೆ ಅದು ಹರಳುಗಟ್ಟಬೇಕು. ಎಂಟು ತಿಂಗಳಾಯಿತು, ಜಪ್ಪಯ್ಯ ಅಂದರೂ ಪುಡಿಗಿಂತ ದೊಡ್ಡ ಹರಳು ಬರುತ್ತಿಲ್ಲ. ಆ ಪುಡಿಯನ್ನು ಬೆಕ್ಕಿನ ಮೀಸೆಗೆ ಸೋಕಿಸಿ ಪ್ರೋಟೀನ್ ದ್ರಾವಣದ ಹೊಸ ಹನಿಯಲ್ಲಿ ಎಳೆದರೆ, ಅದೇ ಬೀಜವಾಗಿ ದೊಡ್ಡ ಹರಳು ಬೆಳೆಯಬಹುದು. ನಗಬೇಡ, ನಮ್ಮ ಕೆಲಸದಲ್ಲಿ ಹೀಗೂ ಮಾಡುತ್ತಾರೆ.

"ಯಾರ ಮನೇಲಿ ಬೆಕ್ಕಿದೆ?" ಎಂದು ಲ್ಯಾಬಿನ ಮೇಡಂ ಕೇಳಿದಾಗ ತಟ್ಟನೆ ಕೈ ಎತ್ತಿಬಿಟ್ಟೆ. ನನ್ನ ಸೊಟ್ಟಬಾಲದವಳನ್ನು ಹೋದ ವರ್ಷವೇ ನಿನ್ನ ಹತ್ತಿರ ಬಿಟ್ಟು ಬಂದದ್ದು ಆಮೇಲೆ ನೆನಪಾಯಿತು.

ಮೀಸೆ ಕೀಳಬೇಡ. ತಾನಾಗಿ ಉದುರಿದ್ದು ಸೋಫಾದ ಕೆಳಗೆ ಸಿಗುತ್ತದೆ. ಎರಡು ಸಿಕ್ಕರೆ ಎರಡೂ ಕಳಿಸು.

ಕೆಲಸಕ್ಕೆ ಒಂದೇ ಸಾಕು.

ನಿನ್ನ ತಂಗಿ