ನೂರಮೂವತ್ತು ಎಂದು ಬರೆಯಬೇಡಿ

ಬೇಗೆ ತಿಂಗಳ ಇಪ್ಪತ್ತೊಂದು, ೨೧೬೮
ತುಂಗಭದ್ರೆಯ ಎಡದಂಡೆ

ನಮಗಿಂತ ನೂರನಲವತ್ತು ವರ್ಷ ಹಿಂದೆ ಇರುವವರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಬೇಗೆ ತಿಂಗಳಿಲ್ಲ. ಬೇಸಿಗೆ ಉದ್ದವಾದ ಮೇಲೆ ನಾವು ಸೇರಿಸಿಕೊಂಡ ಹದಿಮೂರನೆಯ ತಿಂಗಳು ಅದು. ಇನ್ನೂ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಹುಲಿಗೆವ್ವ, ಹತ್ತೊಂಬತ್ತು ವರ್ಷ. ಬಾರದ ಮಕ್ಕಳಿಗೂ ಹಾಜರಿ ಹಾಕುತ್ತಿದ್ದ ಮೇಷ್ಟ್ರನ್ನು ಎಲ್ಲರೆದುರು ಪ್ರಶ್ನಿಸಿ, ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ವಿಷಯದಲ್ಲಿ ತಪ್ಪಿಲ್ಲ.

ನನಗೆ ಹುಟ್ಟಿನಿಂದ ಮೂಳೆ ಸವೆಯುವ ರೋಗ. ಹದಿನೈದು ದಿನಕ್ಕೊಮ್ಮೆ ಸೂಜಿ ಬೇಕು. ಔಷಧಿಯ ಸೀಸೆ ಒಮ್ಮೆ ತೆರೆದರೆ ಸಂಜೆಯೊಳಗೆ ಕೆಡುತ್ತದೆ. ಹಿಂದೆ ಒಬ್ಬರಿಗಾಗಿ ಒಂದು ಸೀಸೆ ತೆರೆದು ಉಳಿದದ್ದನ್ನು ಚೆಲ್ಲುತ್ತಿದ್ದರಂತೆ, ಕೊಳ್ಳಲಾಗದವರು ಸಾಯುತ್ತಿದ್ದರಂತೆ. ಆಮೇಲೆ ಕಾನೂನು ಬಂತು: ಸರ್ಕಾರವೇ ಕೊಳ್ಳಬೇಕು, ಒಂದು ಸೀಸೆಯನ್ನು ಮೂವರು ಹಂಚಿಕೊಳ್ಳಬೇಕು, ರೋಗಿ ಕಾಸು ಕೊಡಬೇಕಿಲ್ಲ. ಆ ಕಾನೂನಿನಿಂದಲೇ ನಾನು ಬದುಕಿದ್ದೇನೆ. ಹೀಗೆ ಹಂಚಿಕೊಳ್ಳುವ ಮೂವರನ್ನು ನಾವು ಸೀಸೆಬಳಗ ಎನ್ನುತ್ತೇವೆ. ಮದುವೆಯಲ್ಲಿ ಸೋದರಮಾವನ ಪಕ್ಕದಲ್ಲಿ ಬಳಗದವರಿಗೂ ಮಣೆ ಹಾಕುತ್ತಾರೆ. ಒಬ್ಬರು ಸತ್ತರೆ ಉಳಿದಿಬ್ಬರಿಗೆ ಮೂರು ದಿನ ಸೂತಕ.

ನನ್ನ ಬಳಗದಲ್ಲಿರುವವರು ದರ್ಜಿ ಮರ್ದಾನಸಾಬ ಮತ್ತು ಒಂಬತ್ತು ವರ್ಷದ ದ್ಯಾಮಿ. ಔಷಧಿಯ ಅಳತೆ ಮೈತೂಕದ ಮೇಲೆ. ಆದ್ದರಿಂದ ಮೂವರೂ ಕೈ ಹಿಡಿದುಕೊಂಡು ಒಂದೇ ತೂಕದ ಹಲಗೆ ಏರಬೇಕು. ಒಂದು ಸೀಸೆ ಸಾಲುವುದು ಒಟ್ಟು ನೂರಮೂವತ್ತು ಕಿಲೋಗೆ. ಅದು ದಾಟಿದರೆ ಒಬ್ಬರು ಇಳಿದು ಕಾಯುವ ಸಾಲಿನಲ್ಲಿ ಹೆಸರು ಬರೆಸಬೇಕು. ಸಾಲಿನಲ್ಲಿ ಹತ್ತು ಹೆಸರಾದರೆ ಸರ್ಕಾರ ಹೆಚ್ಚಿನ ಸೀಸೆ ಕಳಿಸಲೇಬೇಕೆಂದು ಅದೇ ಕಾನೂನಿನಲ್ಲಿದೆ. ಆದರೆ ನಲವತ್ತು ವರ್ಷದಿಂದ ನಮ್ಮ ಸಾಲು ಖಾಲಿ. ಯಾಕೆಂದರೆ ಮುಳ್ಳು ಎಷ್ಟೇ ತೋರಿಸಲಿ, ನರ್ಸ್ ಕಸ್ತೂರೆವ್ವ ಕರುಣೆಯಿಂದ ನೂರಮೂವತ್ತು ಎಂದೇ ಬರೆಯುತ್ತಾರೆ. ಅವರಿಗಿಂತ ಮುಂಚಿನವರೂ ಹಾಗೇ ಬರೆದರು. ಯಾರೂ ಇಳಿಯುವುದಿಲ್ಲ. ಎಲ್ಲರಿಗೂ ಔಷಧಿ ಸ್ವಲ್ಪ ಸ್ವಲ್ಪ ಕಡಿಮೆ ಸೇರುತ್ತದೆ, ಎಲ್ಲರ ಮೂಳೆಯೂ ಸ್ವಲ್ಪ ಸ್ವಲ್ಪ ಸವೆಯುತ್ತದೆ.

ಕಳೆದ ತಿಂಗಳು ಹಲಗೆಯ ಮೇಲೆ ದ್ಯಾಮಿಗೆ ತಲೆ ಸುತ್ತಿತು. ತೂಕ ಇಳಿಸಲೆಂದು ಎರಡು ದಿನದಿಂದ ಉಂಡಿರಲಿಲ್ಲ. ‘ನಾ ಬೆಳ್ಯಾಕತ್ತೀನಿ ಅಕ್ಕಾ, ಏನ್ ಮಾಡ್ಲಿ,’ ಎಂದಳು, ಕದ್ದು ಸಿಕ್ಕಿಬಿದ್ದವಳ ಹಾಗೆ. ಆದರೂ ಮುಳ್ಳು ನೂರಮೂವತ್ತಾರರಲ್ಲಿತ್ತು. ‘ಇದ್ದದ್ದು ಬರೀರಿ,’ ಎಂದು ನಾನು ಇಳಿದುಬಿಟ್ಟೆ. ಕಸ್ತೂರೆವ್ವ ಉರಿದುಬಿದ್ದರು. ‘ನಿನ್ನ ನಾಲಿಗಿ ಸುಡ್ಲಿ! ಸುಮ್ನ ಹತ್ತ ಹುಚ್ಚಿ, ಖರೇ ಹೇಳಿ ಸಾಯ್ತೀ ಏನು?’ ಮರ್ದಾನಸಾಬ ಹಲಗೆಯ ಮೇಲಿಂದಲೇ ಹೇಳಿದ: ‘ಬರೀರಿ ಅಕ್ಕಾರ. ಅಂಗಿ ಗಿಡ್ಡಾತಂದ್ರ ಬಿಚ್ಚಿ ಹೊಲೀತೀವಿ, ಕೂಸಿನ ಕೈ ಕತ್ತರಿಸ್ತೀವೇನು?’

ಎರಡು ಸರದಿ ಸೂಜಿಯಿಲ್ಲದೆ ಕಳೆದೆ. ಮೆಟ್ಟಿಲು ಹತ್ತುವಾಗ ಮೊಣಕಾಲು ಕಚ್ಚುತ್ತದೆ. ಹೆದರಿಕೆಯಿಲ್ಲ ಎಂದರೆ ಸುಳ್ಳಾಗುತ್ತದೆ. ಬಳಗ ಮುರಿದವಳೆಂದು ಕೆಲವರು ಮುಖ ತಿರುಗಿಸಿದರು. ಆದರೂ ಬೇರೆ ಬೇರೆ ಬಳಗಗಳಿಂದ ಒಬ್ಬೊಬ್ಬರಾಗಿ ಇಳಿದರು. ಸಾಲಿನಲ್ಲಿ ಈಗ ಒಂಬತ್ತು ಹೆಸರಿವೆ. ನಾಳೆ ಮತ್ತೆ ತೂಕದ ದಿನ. ಇವತ್ತು ಬೆಳಿಗ್ಗೆ ಕಸ್ತೂರೆವ್ವ ಹೇಳಿಕಳಿಸಿದರು: ‘ನಾಳಿ ಮುಳ್ಳು ತೋರಿಸಿದ್ದ ಬರೀತೀನಿ. ಎಲ್ಲಾರದೂ.’

ನೀವು ಈಗ ಆ ಕಾನೂನು ಬರೆಯುತ್ತಿರಬಹುದು. ಬರೆಯಿರಿ, ಅರ್ಧಕ್ಕೆ ಬಿಡಬೇಡಿ. ಹತ್ತು ಹೆಸರಿನ ನಿಯಮ ದುಬಾರಿಯೆಂದು ಯಾರಾದರೂ ಹೊಡೆದುಹಾಕಲು ಬಂದರೆ ಬಾಗಿಲಿಗೆ ಅಡ್ಡ ನಿಲ್ಲಿ. ನಾಳೆ ನಮ್ಮ ಕೈಯಲ್ಲಿರುವುದು ಅದೊಂದೇ. ಮತ್ತು ಔಷಧಿ ಕಡಿಮೆ ಬಿದ್ದಾಗ ಸಾಕಾಯಿತು ಎಂದು ಬರೆಯಬೇಡಿ, ಕರುಣೆಯಿಂದಲೂ ಬರೆಯಬೇಡಿ.

ನಾಳೆ ಸಾಲು ಹತ್ತು ದಾಟುತ್ತದೆ. ಆಮೇಲೂ ಸೀಸೆ ಬರದಿದ್ದರೆ ಇಪ್ಪತ್ತು ಜನ ಇಳಿಯುತ್ತೇವೆ, ಮೂವತ್ತು ಜನ ಇಳಿಯುತ್ತೇವೆ. ದ್ಯಾಮಿ ಮಾತ್ರ ಇಳಿಯುವುದಿಲ್ಲ. ಎರಡು ರೊಟ್ಟಿ ತಿಂದೇ ಬರಬೇಕೆಂದು ಅವಳಿಗೆ ಹೇಳಿದ್ದೇನೆ.

ಮೂರು ತಿನ್ನುತ್ತೇನೆ ಎಂದಿದ್ದಾಳೆ.

ಹುಲಿಗೆವ್ವ